ಸಂದೇಶ ತಲುಪದ ದಿನದ ಲೆಕ್ಕವೂ ಯೋಜನೆಯಲ್ಲಿರಲಿ

ಮಾನ್ಯ ಸಂಪಾದಕರೇ,

ಸ್ಮಾರ್ಟ್ ಮೀಟರುಗಳ ಕುರಿತು ನಮ್ಮ ರಾಜ್ಯದಲ್ಲಿ ನಡೆದಿರುವ ವಾದವಿವಾದ ಬಹುಪಾಲು ಮೀಟರಿನ ಬೆಲೆ ಎಷ್ಟು, ಅದನ್ನು ಯಾರು ಕೊಡಬೇಕು, ಟೆಂಡರು ಸರಿಯಾಗಿ ನಡೆಯಿತೇ ಎಂಬ ಪ್ರಶ್ನೆಗಳ ಸುತ್ತಲೇ ಸುತ್ತಿದೆ. ಇವು ಕೇಳಲೇಬೇಕಾದ ಪ್ರಶ್ನೆಗಳು, ಅನುಮಾನವಿಲ್ಲ. ಆದರೆ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ವಿದ್ಯುತ್ ವ್ಯವಸ್ಥೆಗಳ ಪಾಠ ಹೇಳಿದ ನನ್ನಂಥವನಿಗೆ ಇವುಗಳಿಗಿಂತ ಹೆಚ್ಚು ಚಿಂತೆ ಹುಟ್ಟಿಸುವ ಪ್ರಶ್ನೆ ಬೇರೊಂದಿದೆ. ಮೀಟರು, ವಾಹನದ ಚಾರ್ಜರು, ನೀರಾವರಿ ಪಂಪು ಇವೆಲ್ಲ ದರವನ್ನೂ ಲೋಡನ್ನೂ ನೋಡಿಕೊಂಡು ತಮ್ಮಷ್ಟಕ್ಕೆ ತಾವೇ ತೀರ್ಮಾನ ಮಾಡತೊಡಗಿದಾಗ, ಅವುಗಳ ನಡುವಿನ ಸಂದೇಶ ತಡವಾದರೆ ಅಥವಾ ತಲುಪದೇ ಹೋದರೆ ಇಡೀ ವ್ಯವಸ್ಥೆ ಎಲ್ಲಿಗೆ ಹೋಗಿ ನಿಲ್ಲುತ್ತದೆ? ಈ ಪ್ರಶ್ನೆಗೆ ಗಣಿತದಲ್ಲಿ ಅರ್ಧ ಶತಮಾನಕ್ಕೂ ಮಿಕ್ಕಿ ಕೆಲಸ ನಡೆದಿದೆ. ಯೋಜನೆಗಳ ಚರ್ಚೆಯಲ್ಲಿ ಮಾತ್ರ ಅದರ ಸುಳಿವು ಸಿಗುವುದಿಲ್ಲ.

ಆ ದಿನವೇನೂ ದೂರವಿಲ್ಲ. ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳಿಗೆ ಕೇಂದ್ರ ಸರ್ಕಾರ 2023ರಲ್ಲಿ ತಂದ ತಿದ್ದುಪಡಿಯ ಪ್ರಕಾರ, ಕೃಷಿಯನ್ನು ಬಿಟ್ಟು ಉಳಿದ ಗ್ರಾಹಕರಿಗೆ 2025ರ ಏಪ್ರಿಲ್ 1ರ ಹೊತ್ತಿಗೆ ದಿನದ ಹೊತ್ತಿಗೆ ತಕ್ಕ ದರ ಬರಬೇಕೆಂದು ಗೊತ್ತುಮಾಡಲಾಗಿತ್ತು. ಬಿಸಿಲಿನ ಹೊತ್ತಿನಲ್ಲಿ ದರ ಕನಿಷ್ಠ ಶೇ 20ರಷ್ಟು ಇಳಿಯಬೇಕು, ಬೇಡಿಕೆ ಏರುವ ಹೊತ್ತಿನಲ್ಲಿ ಏರಬೇಕು, ಸ್ಮಾರ್ಟ್ ಮೀಟರು ಬಂದ ಕಡೆಯಲ್ಲೆಲ್ಲ ಇದು ಜಾರಿಯಾಗಬೇಕು. ದೇಶದಲ್ಲಿ 25 ಕೋಟಿ ಪ್ರಿಪೇಯ್ಡ್ ಮೀಟರುಗಳ ಗುರಿ ಇಟ್ಟುಕೊಳ್ಳಲಾಗಿದೆ. ದರ ಹೊತ್ತಿನೊಂದಿಗೆ ಬದಲಾಯಿತೆಂದರೆ ನನ್ನ ಖರ್ಚು ನನ್ನ ತೀರ್ಮಾನವೊಂದನ್ನೇ ಅವಲಂಬಿಸುವುದಿಲ್ಲ, ಪಕ್ಕದ ಮನೆಯವರು ಯಾವಾಗ ಸ್ವಿಚ್ ಒತ್ತುತ್ತಾರೆ ಎಂಬುದನ್ನೂ ಅವಲಂಬಿಸುತ್ತದೆ. ಗೇಮ್ ಥಿಯರಿ ಎಂದು ಕರೆಯುವ ಶಾಸ್ತ್ರ ಶುರುವಾಗುವುದೇ ಇಲ್ಲಿಂದ. ಬೇರೆಯವರು ತಮ್ಮ ನಡೆ ಬದಲಿಸದಿದ್ದರೆ ತಾನೊಬ್ಬ ಬದಲಿಸಿ ಗಳಿಸುವುದೇನೂ ಇಲ್ಲ ಎಂಬ ಸ್ಥಿತಿಗೆ ಎಲ್ಲ ಆಟಗಾರರೂ ತಲುಪಿದರೆ ಅದು ನ್ಯಾಶ್ ಸಮತೋಲ. ಪ್ರತಿ ಆಟಗಾರನ ಮುಂದೆ ಕೆಲವೇ ಆಯ್ಕೆಗಳಿರುವ ಯಾವ ಆಟದಲ್ಲೂ, ಆಯ್ಕೆಯನ್ನು ಚೀಟಿ ಎತ್ತಿ ಮಾಡಲು ಅವಕಾಶವಿದ್ದರೆ, ಅಂಥ ಒಂದು ಸ್ಥಿತಿ ಇದ್ದೇ ಇರುತ್ತದೆಂದು ಜಾನ್ ನ್ಯಾಶ್ 1950ರಲ್ಲಿ ತೋರಿಸಿಕೊಟ್ಟರು. ಇದೆ ಎನ್ನುವುದು ಬೇರೆ, ಲೆಕ್ಕ ಹಾಕಿ ಅದನ್ನು ಹುಡುಕುವುದು ಬೇರೆ. ಹುಡುಕಾಟ ಸಾಮಾನ್ಯವಾಗಿ ಬಹಳ ಕಠಿಣವೆಂದು ದಸ್ಕಲಾಕಿಸ್, ಗೋಲ್ಡ್‌ಬರ್ಗ್, ಪಾಪಡಿಮಿಟ್ರಿಯು 2006ರಲ್ಲಿ ಸಾಬೀತುಪಡಿಸಿದರು. ಅದೃಷ್ಟಕ್ಕೆ ವಿದ್ಯುತ್ ಲೋಡಿನಂಥ ಆಟಗಳು ಅಷ್ಟು ತೊಡಕಿನವಲ್ಲ. ಅಲ್ಲಿ ಪ್ರತಿಯೊಬ್ಬರೂ ಸ್ವಲ್ಪ ಸ್ವಲ್ಪವೇ ಸರಿದುಕೊಂಡರೆ ಸಮತೋಲ ಸಿಗುತ್ತದೆ, ಆದರೆ ಪರಸ್ಪರರ ಸುದ್ದಿ ಸರಿಯಾಗಿ ತಿಳಿಯುತ್ತಿರಬೇಕು. ಗಣಿತದ ಪುರಾವೆಗಳೆಲ್ಲ ಸಲೀಸಾಗಿ ಸಾಗಿ ಮುಗ್ಗರಿಸುವುದು ಈ ಕೊನೆಯ ಷರತ್ತಿನ ಮೇಲೆ.

ಈ ಆಟ ನಮ್ಮ ಹೊಲಗಳಲ್ಲಿ ಆಗಲೇ ನಡೆದಿದೆ. 63 ಕೆವಿಎ ಸಾಮರ್ಥ್ಯದ ಒಂದು ಟಿಸಿಗೆ (ಟ್ರಾನ್ಸ್‌ಫಾರ್ಮರಿಗೆ) 5 ಅಶ್ವಶಕ್ತಿಯ 10 ಪಂಪ್‌ಸೆಟ್‌ಗಳಿವೆ ಎನ್ನೋಣ. ಓಡುತ್ತಿರುವಾಗ ಒಂದೊಂದೂ ಎಳೆಯುವುದು 5ರಿಂದ 6 ಕೆವಿಎ, ಹಾಗಾಗಿ ಹತ್ತೂ ಒಟ್ಟಿಗೆ ಓಡಿದರೂ ಟಿಸಿ ಹೇಗೋ ತಾಳಿಕೊಳ್ಳುತ್ತದೆ. ಆದರೆ ನಿಂತ ಮೋಟಾರು ನೇರವಾಗಿ ಚಾಲೂ ಆಗುವ ಕ್ಷಣದಲ್ಲಿ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ಹತ್ತೂ ಒಂದೇ ಸಲ ಎದ್ದವೆಂದರೆ ಬೇಡಿಕೆ 300 ಕೆವಿಎ ಮುಟ್ಟುತ್ತದೆ, ವೋಲ್ಟೇಜು ಕುಸಿಯುತ್ತದೆ. ಮೋಟಾರಿನ ತಿರುಗುಬಲವು ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುವುದರಿಂದ ವೋಲ್ಟೇಜು ಶೇ 70ಕ್ಕೆ ಇಳಿದರೆ ಬಲ ಅರ್ಧಕ್ಕೆ ಇಳಿಯುತ್ತದೆ; ಪಂಪು ಏಳಲಾರದೆ ಗುಂಯ್‌ಗುಡುತ್ತ ನಿಂತಲ್ಲೇ ಕರೆಂಟು ಎಳೆಯುತ್ತಲೇ ಇರುತ್ತದೆ. ಫ್ಯೂಸು ಹೋಗುತ್ತದೆ, ಇಲ್ಲವೇ ಟಿಸಿಯೇ ಸುಡುತ್ತದೆ. ಇದು ಗೊತ್ತಿಲ್ಲದ ರೈತರಿಲ್ಲ. ಆದರೂ ತ್ರೀ ಫೇಸ್ ಬಂದ ಕ್ಷಣವೇ ಪಂಪು ಎಬ್ಬಿಸುವ ಆಟೋ ಸ್ಟಾರ್ಟರನ್ನು ಕೂರಿಸಿಕೊಂಡಿರುತ್ತಾರೆ, ಏಕೆಂದರೆ ಕರೆಂಟು ಇರುವುದು ದಿನಕ್ಕೆ ಕೆಲವೇ ಗಂಟೆ, ಅದೂ ಯಾವಾಗ ಬರುತ್ತದೆ ಯಾವಾಗ ಹೋಗುತ್ತದೆ ಎಂಬ ಖಾತರಿಯಿಲ್ಲ, ಮಿಕ್ಕವರೆಲ್ಲ ಕೂರಿಸಿಕೊಂಡಿರುವಾಗ ತಾನೊಬ್ಬ ರಾತ್ರಿ ಎದ್ದು ಹೋಗಿ ಕೈಯಿಂದ ಚಾಲೂ ಮಾಡಿದರೆ ತನಗೆ ನೀರಿಲ್ಲ. ರೈತರ ಅವಿವೇಕವೆಂದು ಇದನ್ನು ಬೈಯುವವರಿಗೆ ಲೆಕ್ಕ ಗೊತ್ತಿಲ್ಲ ಎಂದೇ ನಾನು ಹೇಳುತ್ತೇನೆ. ಪ್ರತಿಯೊಬ್ಬರ ಮಟ್ಟಿಗೂ ಇದು ವಿವೇಕದ ನಡೆಯೇ. ಎಲ್ಲರಿಗೂ ನಷ್ಟ ತರುವ ಸಮತೋಲ, ಅಷ್ಟೆ.

ಮೊಬೈಲ್ ಸ್ಟಾರ್ಟರುಗಳು ಬಂದ ಮೇಲೆ ಇದಕ್ಕೆ ಸಂದೇಶದ ಮಗ್ಗುಲೂ ಸೇರಿಕೊಂಡಿದೆ. ಮನೆಯಲ್ಲೇ ಕೂತು ಒಂದು ಕರೆ ಮಾಡಿದರೆ ಪಂಪು ಓಡುತ್ತದೆ, ಓಡಿತೆಂಬ ಎಸ್ಸೆಮ್ಮೆಸ್ಸು ಮರಳಿ ಬರುತ್ತದೆ. ಇಲ್ಲಿ ಪಾಠದ ಕೊಠಡಿಯಲ್ಲಿ ಕಾಣದ ಒಂದು ಸಂಗತಿಯಿದೆ. ಬಹುತೇಕ ಗಣಿತದ ಮಾದರಿಗಳಲ್ಲಿ ಸಂದೇಶ ಕಳೆದುಹೋಗುವುದು ನಾಣ್ಯ ಚಿಮ್ಮಿದಂತೆ, ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲದೆ. ಹಳ್ಳಿಯಲ್ಲಿ ಹಾಗಲ್ಲ. ಕರೆಂಟು ಬಹಳ ಹೊತ್ತು ಹೋದರೆ ಟವರಿನ ಬ್ಯಾಟರಿ ಬರಿದಾಗಿ ಮೊಬೈಲ್ ಸಿಗ್ನಲ್ಲೂ ಹೋಗುತ್ತದೆ, ಕರೆಂಟು ಬಂದಾಗ ಟವರೂ ಏಳುತ್ತದೆ, ತಡೆಹಿಡಿದಿದ್ದ ಸಂದೇಶಗಳೆಲ್ಲ ಆಗ ಒಮ್ಮೆಲೇ ನುಗ್ಗುತ್ತವೆ. ಸಂಪರ್ಕ ಅತಿ ಹೆಚ್ಚು ಬೇಕಾದ ಗಳಿಗೆಯಲ್ಲಿಯೇ ಅದು ಕೈಕೊಡುತ್ತದೆ, ಅದೂ ಊರಿಗೆ ಊರೇ ಒಟ್ಟಾಗಿ. ಶೇ 99ರಷ್ಟು ಸಂದೇಶ ತಲುಪುತ್ತದೆ ಎಂದು ಕಂಪನಿಗಳು ಕೊಡುವ ಸರಾಸರಿ ಅಂಕಿಗೆ ಇಲ್ಲಿ ಹೆಚ್ಚಿನ ಬೆಲೆಯಿಲ್ಲ. ತಲುಪದ ಆ ಶೇ 1 ಯಾವ ಹೊತ್ತಿನದು ಎಂಬುದೇ ಮುಖ್ಯ.

ಸಂದೇಶದ ದೋಷ ಎಂದು ಒಟ್ಟಾಗಿ ಹೇಳಿಬಿಡುವುದೂ ತಪ್ಪು, ಏಕೆಂದರೆ ಕಳೆದುಹೋಗುವುದಕ್ಕೂ ತಡವಾಗುವುದಕ್ಕೂ ಅಜಗಜಾಂತರವಿದೆ. ಒಂದು ಬೀದಿಯ 20 ಕಾರುಗಳು ರಾತ್ರಿ 10ರಿಂದ 11 ಅಥವಾ 11ರಿಂದ 12, ಈ ಎರಡರಲ್ಲಿ ಒಂದು ಗಂಟೆಯನ್ನು ಚಾರ್ಜಿಂಗಿಗೆ ಆರಿಸಿಕೊಳ್ಳಬೇಕು, ನಿನ್ನೆಯ ಲೋಡು ಎಷ್ಟಿತ್ತೆಂಬ ಸಂದೇಶ ಪ್ರತಿ ಕಾರಿಗೂ ಬರುತ್ತದೆ ಎಂದಿಟ್ಟುಕೊಳ್ಳಿ. ಮೊದಲ ರಾತ್ರಿ ಎಲ್ಲವೂ 10 ಗಂಟೆಗೇ ನಿಂತಿದ್ದರೆ, 11 ಖಾಲಿಯಿದೆಯೆಂದು ತಿಳಿದು ಮಾರನೆಯ ರಾತ್ರಿ ಎಲ್ಲವೂ ಅಲ್ಲಿಗೆ ಹೋಗುತ್ತವೆ, ಮರುರಾತ್ರಿ ಎಲ್ಲವೂ ವಾಪಸ್. ಸಂದೇಶ ಒಂದೂ ತಪ್ಪಿಲ್ಲ, ಆದರೂ ಸಮತೋಲ ಎಂದೆಂದಿಗೂ ಸಿಗುವುದಿಲ್ಲ. ಇದಕ್ಕೆ ಮದ್ದು ಗೊತ್ತಿರುವುದೇ: ಹೆಚ್ಚುವರಿ ಎಷ್ಟೋ ಅಷ್ಟೇ ಪಾಲು ಸಂಭವದಲ್ಲಿ ಪ್ರತಿ ಕಾರೂ ಚೀಟಿ ಎತ್ತಿ ಸರಿಯಬೇಕು. 20ಕ್ಕೆ 20ರೂ ಒಂದೇ ಕಡೆಯಿದ್ದರೆ ಎರಡರಲ್ಲೊಂದು ಸಂಭವ, 12 ಮತ್ತು 8 ಆಗಿದ್ದರೆ ಆ 12ರಲ್ಲಿ ಪ್ರತಿಯೊಂದಕ್ಕೂ ಆರರಲ್ಲೊಂದು ಸಂಭವ. ಈ ನಿಯಮವಿರುವಾಗ ಐದರಲ್ಲೊಂದು ಸಂದೇಶ ಕಳೆದುಹೋದರೂ ಕೆಡುವುದೇನೂ ಇಲ್ಲ. ಸುದ್ದಿ ಸಿಗದ ಕಾರು ಇದ್ದಲ್ಲೇ ಇರುತ್ತದೆ, ಎರಡು ರಾತ್ರಿ ಹೆಚ್ಚು ಹಿಡಿಯಬಹುದು. ಚೀಟಿ ಎತ್ತುವ ನಿಯಮವೇ ಇಲ್ಲದಿದ್ದರಂತೂ ಕಳೆದುಹೋದ ಸಂದೇಶವೇ ಉಪಕಾರ ಮಾಡುತ್ತದೆ, ಎಲ್ಲವೂ ಒಟ್ಟಿಗೆ ಹೊರಳುವುದನ್ನು ಅದು ತಪ್ಪಿಸುತ್ತದೆ.

ತಡವಾದ ಸಂದೇಶದ ಕಥೆ ಹೀಗಲ್ಲ. ಮೊದಲ ರಾತ್ರಿಯ 20–0 ಎಂಬ ಸುದ್ದಿಯೇ ಮೂರು ರಾತ್ರಿಗಳವರೆಗೆ ಬರುತ್ತಿದ್ದರೆ, ಮೊದಲು 10 ಕಾರು ಸರಿಯುತ್ತವೆ, ಆಮೇಲೆ ಉಳಿದ 10ರಲ್ಲಿ ಅರ್ಧ, ಅದರ ಮೇಲೆ ಮತ್ತರ್ಧ. ನಿಜವಾದ ಸುದ್ದಿ ಬರುವಷ್ಟರಲ್ಲಿ 10 ಗಂಟೆಗೆ ಎರಡೋ ಮೂರೋ ಕಾರು ಉಳಿದು 11ಕ್ಕೆ ನೂಕುನುಗ್ಗಲಾಗಿರುತ್ತದೆ. ಬಳಿಕ ಅದೇ ತಪ್ಪು ಎದುರು ದಿಕ್ಕಿಗೆ. ತಡ ಹೆಚ್ಚಿದಷ್ಟೂ ಹೆಜ್ಜೆ ಚಿಕ್ಕದಾಗಬೇಕು, ಪ್ರತಿ ಸಂದೇಶದ ಮೇಲೂ ಅದು ಯಾವ ಹೊತ್ತಿನದೆಂಬ ಮುದ್ರೆ ಇರಬೇಕು, ಒಮ್ಮೆ ಸ್ಪಂದಿಸಿದ ಸುದ್ದಿಗೆ ಮತ್ತೆ ಸ್ಪಂದಿಸಬಾರದು. ಇದು ನನ್ನ ಸ್ವಂತ ಕಲ್ಪನೆಯಲ್ಲ. ಹಳೆಯ ಮಾಹಿತಿಯನ್ನೇ ಹಿಡಿದು ತಂತಮ್ಮ ವೇಗದಲ್ಲಿ ಲೆಕ್ಕ ಮಾಡುವ ಗಣಕಗಳು ಯಾವಾಗ ಸರಿಯುತ್ತರಕ್ಕೆ ಬರುತ್ತವೆ ಎಂಬುದನ್ನು ಚಜಾನ್ ಮತ್ತು ಮಿರಾಂಕರ್ 1969ರಷ್ಟು ಹಿಂದೆಯೇ ಬಿಡಿಸಿದ್ದರು. ಬರ್ಟ್ಸೆಕಾಸ್ ಮತ್ತು ಸಿಟ್ಸಿಕ್ಲಿಸ್ 1980ರ ದಶಕದಲ್ಲಿ ಅದನ್ನು ಬಹಳ ಮುಂದಕ್ಕೆ ಒಯ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ವಿವೇಕ್ ಬೋರ್ಕರ್ 1998ರಲ್ಲಿ ಗದ್ದಲವೂ (ಮಾಹಿತಿಯಲ್ಲಿ ಸೇರಿಕೊಳ್ಳುವ ಆಕಸ್ಮಿಕ ಏರುಪೇರು) ತಡವೂ ಕೂಡಿದ ಸಂದರ್ಭಕ್ಕೆ ಅದನ್ನು ವಿಸ್ತರಿಸಿದರು.

ಮೂರನೆಯ ದೋಷವೊಂದಿದೆ, ನನ್ನ ದೃಷ್ಟಿಯಲ್ಲಿ ಅದೇ ಅತ್ಯಂತ ಅಪಾಯಕಾರಿ, ಏಕೆಂದರೆ ಅದು ಹೊರಗೆ ಕಾಣುವುದಿಲ್ಲ. ಕೇಂದ್ರ ಗಣಕವಿಲ್ಲದೆ ನೆರೆಹೊರೆಯ ಮೀಟರುಗಳು ತಮ್ಮತಮ್ಮಲ್ಲೇ ಮಾತಾಡಿಕೊಂಡು ಸರಾಸರಿ ಲೋಡನ್ನು ಕಂಡುಕೊಳ್ಳುವ ಪದ್ಧತಿಗಳಿವೆ. ಒಂದು ಮೀಟರಿನಲ್ಲಿ 8, ಇನ್ನೊಂದರಲ್ಲಿ 4 ಇದೆ, ಸರಾಸರಿ 6. ಮೊದಲನೆಯದು ತನ್ನಿಂದ 2 ಕಳೆದುಕೊಂಡು "2 ತೆಗೆದುಕೋ" ಎಂದು ಎರಡನೆಯದಕ್ಕೆ ಹೇಳಿದರೆ ಇಬ್ಬರದೂ 6 ಆಗುತ್ತದೆ. ಆ ಸಂದೇಶ ದಾರಿಯಲ್ಲಿ ಕಳೆದುಹೋದರೆ ಮೊದಲನೆಯದರಲ್ಲಿ 6, ಎರಡನೆಯದರಲ್ಲಿ 4 ಉಳಿದು, ಮುಂದಿನ ಸುತ್ತುಗಳಲ್ಲಿ ಇಬ್ಬರೂ 5ಕ್ಕೆ ಬಂದು ನಿಲ್ಲುತ್ತಾರೆ. ಎಲ್ಲರೂ ಒಪ್ಪಿದ್ದಾರೆ, ಎಲ್ಲರೂ ತಪ್ಪಾಗಿದ್ದಾರೆ, ಯಾವ ಎಚ್ಚರಿಕೆಯ ದೀಪವೂ ಉರಿಯುವುದಿಲ್ಲ. ಇಂಥ ಸರಾಸರಿಯ ಮೇಲೆ ಕಟ್ಟಿದ ಸಮತೋಲ ಬೇರೆ ಯಾವುದೋ ಆಟದ ಸಮತೋಲವಾಗಿರುತ್ತದೆ. ಪರಿಹಾರ ಮಾತ್ರ ಸರಳ: ಈ ಬಾರಿ ಎಷ್ಟು ಕೊಟ್ಟೆ ಎನ್ನುವ ಬದಲು ಮೊದಲಿನಿಂದ ಇಲ್ಲಿಯವರೆಗೆ ಒಟ್ಟು ಎಷ್ಟು ಕೊಟ್ಟೆ ಎಂದು ಪ್ರತಿ ಸಲವೂ ಹೇಳುವುದು. ಹಾಲಿನವರು ಇಂದಿನ ಅರ್ಧ ಲೀಟರನ್ನಷ್ಟೇ ಹೇಳದೆ ಈ ತಿಂಗಳ ಒಟ್ಟು ಲೆಕ್ಕವನ್ನು ದಿನವೂ ಹೇಳಿದರೆ, ನಡುವೆ ಒಂದು ದಿನ ನಾವು ಬರೆದುಕೊಳ್ಳಲು ಮರೆತರೂ ಮಾರನೆಯ ದಿನ ಸರಿಹೋಗುತ್ತದಲ್ಲ, ಹಾಗೆ. ಒಂದು ಸಂದೇಶದಲ್ಲಿ ಕಳೆದದ್ದು ಮುಂದಿನದರಲ್ಲಿ ಸಿಗುತ್ತದೆ. ಮೀಟರಿನೊಳಗಿನ ತಂತ್ರಾಂಶಕ್ಕೆ ಇದರಿಂದ ಬೀಳುವ ಹೊರೆ ಒಂದೆರಡು ಅಂಕಿಗಳಷ್ಟು ಮಾತ್ರ, ಆದರೆ ಟೆಂಡರಿನಲ್ಲಿ ಬರೆಯದಿದ್ದರೆ ಯಾವ ತಯಾರಕರೂ ತಾವಾಗಿ ಇದನ್ನು ಸೇರಿಸುವುದಿಲ್ಲ.

ಪ್ರತಿ ಸಂದೇಶಕ್ಕೂ ತಲುಪಿತೆಂಬ ಸ್ವೀಕೃತಿ ಪಡೆದರಾಯಿತು ಎನ್ನುವವರಿದ್ದಾರೆ. ಸ್ವೀಕೃತಿಯೂ ಒಂದು ಸಂದೇಶವೇ, ಅದೂ ಕಳೆದುಹೋಗಬಹುದು. ಇಬ್ಬರು ಒಟ್ಟಿಗೆ ಹೆಜ್ಜೆಯಿಟ್ಟರೆ ಮಾತ್ರ ಲಾಭ, ಒಬ್ಬರೇ ಇಟ್ಟರೆ ಭಾರಿ ನಷ್ಟ ಎಂಬ ಆಟವನ್ನು ಅರ್ಥಶಾಸ್ತ್ರಜ್ಞ ಏರಿಯಲ್ ರೂಬಿನ್‌ಸ್ಟೈನ್ 1989ರಲ್ಲಿ ವಿಶ್ಲೇಷಿಸಿದರು. ಅವರ ಲೆಕ್ಕದಲ್ಲಿ ಇಬ್ಬರ ಗಣಕಗಳೂ ಸ್ವೀಕೃತಿಗೆ ಸ್ವೀಕೃತಿ ಕಳಿಸುತ್ತಲೇ ಹೋಗುತ್ತವೆ, ಪ್ರತಿ ಸಂದೇಶವೂ ಕಳೆದುಹೋಗುವ ಸಂಭವ ತೀರಾ ಅಲ್ಪ. ಆದರೂ ಎಷ್ಟು ಸ್ವೀಕೃತಿಗಳು ತಲುಪಿದ್ದರೂ ಒಟ್ಟಾಗಿ ಹೆಜ್ಜೆಯಿಡುವುದು ಸಮತೋಲದ ನಡೆಯಾಗುವುದೇ ಇಲ್ಲ. ಮನುಷ್ಯರು ಇಷ್ಟು ಲೆಕ್ಕಾಚಾರ ಮಾಡುವುದಿಲ್ಲ, ಹತ್ತು ಸಲ ಹೌದು ಹೌದು ಎಂದ ಮೇಲೆ ಹೊರಟುಬಿಡುತ್ತಾರೆ ಎಂಬುದು ನಿಜ. ಯಂತ್ರಗಳು ಹಾಗಲ್ಲ, ಬರೆದಿಟ್ಟ ನಿಯಮವನ್ನು ಬಿಡುವುದಿಲ್ಲ. ಆದ್ದರಿಂದ ಸ್ವೀಕೃತಿಯನ್ನು ಹೆಚ್ಚಿಸುತ್ತ ಹೋಗುವುದಕ್ಕಿಂತ, ಒಬ್ಬರೇ ಹೆಜ್ಜೆಯಿಟ್ಟರೂ ದೊಡ್ಡ ನಷ್ಟವಾಗದಂತೆ ಆಟವನ್ನೇ ಬದಲಿಸುವುದು ಜಾಣತನ.

ಸಂದೇಶವೇ ಬೇಡದ ದಾರಿಯೂ ಒಂದಿದೆ, ಅದರ ಒಂದು ಮುಖ್ಯ ಕೆಲಸ ನಡೆದದ್ದು ನಮ್ಮ ಬೆಂಗಳೂರಿನಲ್ಲೇ. ಭಾರತೀಯ ವಿಜ್ಞಾನ ಸಂಸ್ಥೆಯ ಶಾಸ್ತ್ರಿ, ಫಾನ್ಸಲ್ಕರ್ ಮತ್ತು ತಾತಾಚಾರ್ ಅವರು 1994ರ ಪ್ರಬಂಧವೊಂದರಲ್ಲಿ, ಬೇರೆಯವರು ಏನು ಮಾಡಿದರೆಂದು ನೋಡದೆ, ಆಟದ ನಿಯಮವನ್ನೂ ತಿಳಿಯದೆ, ತನಗೆ ಸಿಕ್ಕ ಫಲವೊಂದನ್ನೇ ಗಮನಿಸುವ ಆಟಗಾರರನ್ನು ತೆಗೆದುಕೊಂಡರು. ಆರಿಸಿದ ನಡೆಗೆ ಒಳ್ಳೆಯ ಫಲ ಸಿಕ್ಕರೆ ಆ ನಡೆಯ ಸಂಭವವನ್ನು ಒಂದಿಷ್ಟು ಏರಿಸು ಎಂಬುದಷ್ಟೇ ನಿಯಮ. ಹೆಜ್ಜೆ ತೀರಾ ಚಿಕ್ಕದಿದ್ದಾಗ ಈ ಕಲಿಕೆ ಸ್ಥಿರವಾಗಿ ನೆಲೆಯೂರುವ ಜಾಗಗಳೆಲ್ಲ ನ್ಯಾಶ್ ಸಮತೋಲಗಳೇ ಎಂದು ಅವರು ತೋರಿಸಿದರು. ಎಲ್ಲ ಆಟದಲ್ಲೂ ನೆಲೆಯೂರುತ್ತದೆ ಎಂಬ ಭರವಸೆಯಿಲ್ಲ, ನಿಧಾನವೂ ಹೌದು. ಸಂಪರ್ಕ ಕಡಿದಾಗ ಹಿಂದೆ ಸರಿದು ನಿಲ್ಲಲು ಒಂದು ನೆಲೆಯಾಗಿ ಮಾತ್ರ ಇದು ಬಹಳ ಯೋಗ್ಯ.

ಇದಕ್ಕೂ ದೊಡ್ಡ ಪ್ರಮಾಣದ ದೇಶೀ ಉದಾಹರಣೆಯೊಂದಿದೆ. ಎರಡು ದಶಕಗಳ ಹಿಂದಿನವರೆಗೂ ರಾಜ್ಯಗಳು ತಮ್ಮ ಪಾಲಿಗಿಂತ ಹೆಚ್ಚು ವಿದ್ಯುತ್ತನ್ನು ಗ್ರಿಡ್ಡಿನಿಂದ ಎಳೆದುಕೊಂಡರೂ ಕೇಳುವವರಿರಲಿಲ್ಲ, ಬಳಕೆ ಉತ್ಪಾದನೆಯನ್ನು ಮೀರಿದಾಗ ಇಳಿಯುವ ಫ್ರೀಕ್ವೆನ್ಸಿ (ಕರೆಂಟು ಸೆಕೆಂಡಿಗೆ ಎಷ್ಟು ಆವರ್ತನ ಮಾಡುತ್ತದೆ ಎಂಬ ಅಳತೆ) ದಕ್ಷಿಣದ ಗ್ರಿಡ್ಡಿನಲ್ಲಿ 50 ಹರ್ಟ್ಸ್ ಇರಬೇಕಾದಲ್ಲಿ 49ಕ್ಕಿಂತ ಕೆಳಗಿಳಿಯುವುದು ಮಾಮೂಲಿಯಾಗಿತ್ತು. 2003ರ ಜನವರಿಯಲ್ಲಿ ದಕ್ಷಿಣದಲ್ಲಿ ಜಾರಿಗೆ ಬಂದ, ಭಾನು ಭೂಷಣ್ ಅವರು ರೂಪಿಸಿದ ಹೊಸ ದರ ಪದ್ಧತಿ ಇದನ್ನು ಬದಲಿಸಿತು. ಒಪ್ಪಿದ ಪ್ರಮಾಣಕ್ಕಿಂತ ಹೆಚ್ಚು ಎಳೆದ ಪ್ರತಿ ಯೂನಿಟ್ಟಿನ ಬೆಲೆಯನ್ನು ಆ ಕ್ಷಣದ ಫ್ರೀಕ್ವೆನ್ಸಿಯೇ ಗೊತ್ತುಮಾಡುತ್ತಿತ್ತು: 50.5 ಹರ್ಟ್ಸ್ ಮುಟ್ಟಿದರೆ ಸೊನ್ನೆ, 49ರ ಸಮೀಪಕ್ಕೆ ಇಳಿದರೆ ಗರಿಷ್ಠ. ಫ್ರೀಕ್ವೆನ್ಸಿ ಗ್ರಿಡ್ಡಿನುದ್ದಕ್ಕೂ ಒಂದೇ ಆಗಿರುವುದರಿಂದ ರಾಯಚೂರಿನಲ್ಲಿ ನೋಡಿದರೂ ಕೇರಳದಲ್ಲಿ ನೋಡಿದರೂ ಬೆಲೆ ಒಂದೇ. ಅದನ್ನು ತಿಳಿಯಲು ಫೋನೂ ಬೇಡ, ಕೇಬಲ್ಲೂ ಬೇಡ, ಗೋಡೆಯ ಸಾಕೆಟ್ಟೇ ಸಾಕು. ಮೀಟರಿನ ದಾಖಲೆ ವಾರಕ್ಕೊಮ್ಮೆ ಗ್ರಿಡ್ಡನ್ನು ನಿಯಂತ್ರಿಸುವ ಲೋಡ್ ಡಿಸ್‌ಪ್ಯಾಚ್ ಕೇಂದ್ರಕ್ಕೆ ಹೋದರೆ ಹಣದ ಲೆಕ್ಕ ಆಗ ಚುಕ್ತಾ. ಕ್ಷಣದಲ್ಲಿ ಆಗಬೇಕಾದ ತೀರ್ಮಾನವನ್ನೂ ನಿಧಾನವಾಗಿ ನಡೆಯಬಹುದಾದ ಹಣಕಾಸಿನ ಲೆಕ್ಕವನ್ನೂ ಹೀಗೆ ಬೇರ್ಪಡಿಸಿದ್ದು ನನಗೆ ಇಂದಿಗೂ ಮೆಚ್ಚುಗೆಯ ವಿಷಯ.

ಆದರೆ ಅದರ ಮಿತಿಯೂ ಬಯಲಾಯಿತು. 2012ರ ಜುಲೈ 30ರಂದು ಉತ್ತರದ ಗ್ರಿಡ್ಡು ಕುಸಿದಾಗ, ಅದಕ್ಕೆ ಸ್ವಲ್ಪ ಮೊದಲು ಫ್ರೀಕ್ವೆನ್ಸಿ 49.68 ಹರ್ಟ್ಸ್ ಇತ್ತು, ಮರುದಿನ ಇನ್ನೂ ವ್ಯಾಪಕವಾಗಿ ಕುಸಿಯುವ ಮುನ್ನ 49.84. ಆ ಅಂಕಿಗಳನ್ನಷ್ಟೇ ನೋಡಿದರೆ ಗಾಬರಿಪಡುವಂಥದ್ದೇನೂ ಇರಲಿಲ್ಲ. ಫ್ರೀಕ್ವೆನ್ಸಿ ಒಟ್ಟು ಉತ್ಪಾದನೆ ಮತ್ತು ಬಳಕೆಯ ತಾಳೆಯನ್ನು ಹೇಳುತ್ತದೆ, ಯಾವ ಲೈನಿನ ಮೇಲೆ ಎಷ್ಟು ಭಾರ ಬಿದ್ದಿದೆ ಎಂದು ಹೇಳುವುದಿಲ್ಲ. ಭಾರ ಬಿದ್ದಿದ್ದು ಬೀನಾ–ಗ್ವಾಲಿಯರ್ ಲೈನಿನ ಮೇಲೆ, ಅದರ ಜೊತೆಯ ಸರ್ಕ್ಯೂಟು ಮೇಲ್ದರ್ಜೆಗೇರಿಸುವ ಕೆಲಸಕ್ಕಾಗಿ ನಿಂತಿತ್ತು. ಎಳೆಯುವುದನ್ನು ತಗ್ಗಿಸಿ ಎಂಬ ಸೂಚನೆಗಳಿಗೆ ರಾಜ್ಯಗಳ ಲೋಡ್ ಡಿಸ್‌ಪ್ಯಾಚ್ ಕೇಂದ್ರಗಳು ಸಾಕಷ್ಟು ಸ್ಪಂದಿಸಲಿಲ್ಲವೆಂದು ತನಿಖಾ ಸಮಿತಿ ಹೇಳಿತು. ಅಂದರೆ ಒಂದೆಡೆ ಎಂದೂ ತಪ್ಪದ ಆದರೆ ಅರ್ಧ ಮಾತ್ರ ಹೇಳುವ ಸಂಕೇತ, ಇನ್ನೊಂದೆಡೆ ತಲುಪಿದರೂ ಪಾಲನೆಯಾಗದ ಸಂದೇಶ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಲೈನಿನ ಮೂಲಕ ದಕ್ಷಿಣವೂ ರಾಷ್ಟ್ರೀಯ ಗ್ರಿಡ್ಡಿಗೆ ಬೆಸೆದುಕೊಂಡಿದೆ, ಹಾಗಾಗಿ ಇದು ಉತ್ತರದವರ ಪಾಡು ಎಂದು ನಾವು ಕೈತೊಳೆದುಕೊಳ್ಳುವಂತಿಲ್ಲ.

ಇಷ್ಟೆಲ್ಲ ಬರೆದದ್ದು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಮತ್ತು ಎಸ್ಕಾಂಗಳು ಕೆಲವು ವಿಷಯಗಳನ್ನು ಷರತ್ತಾಗಿ ಹಾಕಲಿ ಎಂಬ ಕಾರಣಕ್ಕೆ. ಆಟೋ ಸ್ಟಾರ್ಟರು ಮತ್ತು ಮೊಬೈಲ್ ಸ್ಟಾರ್ಟರುಗಳಲ್ಲಿ, ಕರೆಂಟು ಬಂದ ಮೇಲೆ ಒಂದರಿಂದ ಹತ್ತು ನಿಮಿಷದೊಳಗೆ ಯಂತ್ರವೇ ಚೀಟಿ ಎತ್ತಿದಂತೆ ಆರಿಸಿಕೊಳ್ಳುವ ವಿಳಂಬ ಇರಬೇಕು, ಅದನ್ನು ಕಾರ್ಖಾನೆಯಲ್ಲೇ ಕೂರಿಸಬೇಕು. ತಿರುಪು ಕೊಟ್ಟರೆ ಎಲ್ಲರೂ ಸೊನ್ನೆಗೆ ತಿರುಗಿಸುತ್ತಾರೆ, ನಾನಾದರೂ ತಿರುಗಿಸುತ್ತೇನೆ. ವಾಹನದ ಚಾರ್ಜರುಗಳು ಸಂಪರ್ಕ ಕಡಿದಾಗ ಕೊನೆಯ ಆದೇಶವನ್ನೇ ಹಿಡಿದು ಕೂರದೆ ಪ್ಲಗ್ಗಿನಲ್ಲೇ ಸಿಗುವ ಫ್ರೀಕ್ವೆನ್ಸಿ ಮತ್ತು ವೋಲ್ಟೇಜನ್ನು ನೋಡಿ ಮೆಲ್ಲಗೆ ಏರಿಳಿಯಬೇಕು. ಆದರೆ ವೋಲ್ಟೇಜೊಂದನ್ನೇ ನೆಚ್ಚಿದರೆ ಲೈನಿನ ತುದಿಯ ಮನೆಗೆ ಸದಾ ಕಡಿತ, ಟಿಸಿ ಪಕ್ಕದ ಮನೆಗೆ ಸದಾ ಹಬ್ಬ, ಆದ್ದರಿಂದ ಮಿತಿಗಳನ್ನು ಜಾಗಕ್ಕೆ ತಕ್ಕಂತೆ ಇಡಬೇಕು. ಮೀಟರುಗಳು ಏರಿಕೆಯನ್ನಲ್ಲ, ಒಟ್ಟು ಮೊತ್ತವನ್ನು ಹೊತ್ತಿನ ಮುದ್ರೆಯೊಂದಿಗೆ ಕಳಿಸಬೇಕು.

ಇವೆಲ್ಲಕ್ಕೂ ಮೊದಲು, ಯಾವುದೇ ಯೋಜನೆಯನ್ನು ಒಪ್ಪುವ ಮುನ್ನ ಒಂದು ಹಳ್ಳಿಯ ಫೀಡರು (ಉಪಕೇಂದ್ರದಿಂದ ಟಿಸಿಗಳಿಗೆ ಬರುವ ಲೈನು) ಮತ್ತು ಒಂದು ನಗರದ ಫೀಡರಿನಲ್ಲಿ ಬೇಕೆಂದೇ ಸಂದೇಶಗಳನ್ನು ತಡೆಹಿಡಿದು, ತಡಮಾಡಿ, ಕರೆಂಟು ಬರುವ ಗಳಿಗೆಯಲ್ಲಿಯೇ ಇಡೀ ಸಂಪರ್ಕವನ್ನು ಕಡಿದು ನೋಡುವ ಪರೀಕ್ಷೆ ನಡೆಯಬೇಕು. ಬೇಸಿಗೆಯ ಒಂದು ತಿಂಗಳಾದರೂ ಅದು ನಡೆದು, ಟಿಸಿಯ ಲೋಡು ನಿಮಿಷನಿಮಿಷಕ್ಕೂ ಹೇಗೆ ಏರಿಳಿಯಿತು ಎಂಬ ದಾಖಲೆ ಸಾರ್ವಜನಿಕರ ಕೈಗೆ ಸಿಗಬೇಕು. ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಇಂಥ ಪರೀಕ್ಷೆಯನ್ನು ಮಾಡಬಲ್ಲ ಅಧ್ಯಾಪಕರೂ ವಿದ್ಯಾರ್ಥಿಗಳೂ ಬೇಕಾದಷ್ಟಿದ್ದಾರೆ. ದರ ಪರಿಷ್ಕರಣೆಗಾಗಿ ಆಯೋಗ ನಡೆಸುವ ಮುಂದಿನ ಸಾರ್ವಜನಿಕ ವಿಚಾರಣೆಯಲ್ಲಿ ಈ ಬೇಡಿಕೆಯನ್ನು ಲಿಖಿತವಾಗಿ ಸಲ್ಲಿಸಲಿದ್ದೇನೆ. ಟಿಸಿ ಸುಟ್ಟು ವಾರಗಟ್ಟಲೆ ಕಾದ ಅನುಭವವಿರುವ ರೈತರು ತಮ್ಮ ಟಿಸಿಗೆ ಎಷ್ಟು ಪಂಪುಗಳಿವೆ, ಅವುಗಳಲ್ಲಿ ಎಷ್ಟಕ್ಕೆ ಆಟೋ ಸ್ಟಾರ್ಟರಿದೆ ಎಂಬ ವಿವರದೊಂದಿಗೆ ತಾವೂ ಅರ್ಜಿ ಹಾಕಿಕೊಳ್ಳಬೇಕೆಂದು ವಿನಂತಿ.

ಇಂತು ತಮ್ಮ ವಿಶ್ವಾಸಿ,
ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ನಿವೃತ್ತ ಉಪನ್ಯಾಸಕ, ತುಮಕೂರು